ಕ್ರಮಸಂಖ್ಯೆ ನಲವತ್ತು

ಪಟ್ಟಿಯಲ್ಲಿ ಹೀಗಿತ್ತು:
ಸೀಂತು ಪೂಜಾರ್ತಿ, ಹೆಣ್ಣು, ನೂರ ಹತ್ತು.
ಅಚ್ಚಿನ ತಪ್ಪಿರಬೇಕು ಸಾರ್, ಅಂದ ವಿಡಿಯೊ ಹುಡುಗ.
ಏಪ್ರಿಲ್ ಬೆವರು. ಜೆಪ್ಪು ಕುಡ್ಪಾಡಿಯ ಇಳಿಜಾರು.
ಕಂಕುಳಲ್ಲಿ ರಟ್ಟಿನ ಮರೆ, ಕೈಯಲ್ಲಿ ಅರಗು ಹಾಕಿದ ಪೆಟ್ಟಿಗೆ,
ಹಿಂದೊಬ್ಬ ಪೊಲೀಸ್, ಎರಡು ಪಕ್ಷದ ಏಜೆಂಟರು.
ಓಟು ಈಗ ಮನೆಬಾಗಿಲಿಗೆ ಬರುತ್ತದೆ,
ಬುಟ್ಟಿ ಹೊತ್ತು ಮೀನು ಬರುತ್ತಿದ್ದ ಹಾಗೆ.

"ಏರ್ ಬತ್ತಿನಿ?" ಚಾವಡಿಯ ಕತ್ತಲಿಂದ ಸ್ವರ.
ಮೊಮ್ಮಗನ ಹೆಂಡತಿ, ಅವಳಿಗೇ ಅರುವತ್ತು, ಕೂಗಿದಳು:
ಸರಕಾರ, ಅಜ್ಜೀ, ಸರಕಾರ!
"ಕಿರುಚಬೇಡ. ಮಂಜಾದದ್ದು ಕಣ್ಣು, ಕಿವಿ ಅಲ್ಲ.
ಬಲೆ, ಕುಲ್ಲುಲೆ," ಅಂದರು ಸರಕಾರಕ್ಕೆ,
"ಬೆಲ್ಲ ನೀರು ಕೊಡು ಅವರಿಗೆ."

ಘೋಷಣೆಗೆ ಹೆಬ್ಬೆಟ್ಟು ಬೇಕು.
ನೇರಳೆ ಪ್ಯಾಡಿನಲ್ಲಿ ಒತ್ತಿ, ಕಾಗದದಲ್ಲಿ ಒತ್ತಿ ನೋಡಿದರೆ
ಗೆರೆಯೇ ಇಲ್ಲ.
ನುಣ್ಣಗೆ ಒಂದು ಮಚ್ಚೆ, ಬಸಳೆ ಹಣ್ಣು ಜಜ್ಜಿದ ಹಾಗೆ.
ಮತ್ತೊಮ್ಮೆ. ಮತ್ತೂ ಹಾಗೆಯೇ.
"ಎಲ್ಲಿಂದ ಬರಬೇಕು ಮಗಾ,
ಮೂವತ್ತೆಂಟು ವರ್ಷ ಹಂಚಿನ ಕಾರ್ಖಾನೆ.
ಹಸಿ ಹಂಚಿನ ಮೂಗಿನ ಹತ್ತಿರ ಎಡ ಹೆಬ್ಬೆರಳು ಊರಿ
ಬಲಗೈಲಿ ತಂತಿ ಎಳೆದು ಅಂಚು ಸವರುವುದು.
ಮೊದಮೊದಲು ದಿನಕ್ಕೆ ಮೂರಾಣೆ.
ಗೆರೆಗಳನ್ನೆಲ್ಲ ಅಲ್ಲಲ್ಲಿ ಹಾಕಿ ಬಂದಿದ್ದೇನೆ.
ಬೇಕಾದರೆ ಏಣಿ ಇಟ್ಟು ಹತ್ತಿ ನೋಡು."

ನಾನು ಮೇಲೆ ನೋಡಿದೆ.
ಆ ಮನೆಗೆ ಈಗ ಸ್ಲ್ಯಾಬು.

ಹುಟ್ಟಿದ ದಿನ ಜನವರಿ ಒಂದು:
ಅಂಗಡಿಯ ಸೇಸಪ್ಪಣ್ಣ ರೇಷನ್ ಕಾರ್ಡಿಗೆ ಬರೆದದ್ದು,
ಮುಖ ನೋಡಿ, ಅಂದಾಜಿಗೆ, ಸೀಮೆಎಣ್ಣೆ ಅಳೆದ ಹಾಗೆ.
"ಮಾರಿಬೊಳ್ಳದ ವರ್ಷ ತಮ್ಮನನ್ನು ಸೊಂಟದಲ್ಲಿ ಹೊತ್ತು
ಗುಡ್ಡೆ ಹತ್ತಿದ್ದು ಗೊತ್ತುಂಟು.
ಕೆಳಗೆ ನೇತ್ರಾವತಿಯಲ್ಲಿ ಒಂದು ತೊಟ್ಟಿಲು ಹೋಗ್ತಾ ಇತ್ತು.
ಅಮ್ಮ ನೋಡಬೇಡ ಅಂದಳು. ನಾನು ನೋಡಿದೆ."
ಸ್ವಲ್ಪ ಹೊತ್ತು ಸುಮ್ಮನಾದರು. ನಾವೂ.
"ಬೆಕ್ಕು," ಅಂದರು. "ಬೆಕ್ಕೊಂದು ಕೂತಿತ್ತು, ರಾಣಿಯ ಹಾಗೆ."
ನೂರೊಂದು ವರ್ಷ ಹಿಂದಿನ ಬೆಕ್ಕಿಗೆ ನಕ್ಕರು
ಹಲ್ಲಿಲ್ಲದ ಬಾಯಿ ತುಂಬ.

ಹೆತ್ತದ್ದು ಏಳು. ಗೋಡೆಯಲ್ಲಿ ಐದು ಪಟ, ಐದಕ್ಕೂ ಪ್ಲಾಸ್ಟಿಕ್ ಮಾಲೆ.
ಇನ್ನೆರಡು ಪಟ ತೆಗೆಯುವಷ್ಟು ದೊಡ್ಡದಾಗಲಿಲ್ಲ.
ಕೊನೆಯದು ಕಿರಿಯ ಮಗಳದ್ದು, ಎಪ್ಪತ್ತೆಂಟಕ್ಕೆ, ಕಳೆದ ಆಟಿಯಲ್ಲಿ.
ಆ ದಿನ ಇವರು ಯಾರೊಡನೆಯೂ ಮಾತಾಡಲಿಲ್ಲವಂತೆ.
ಅಕ್ಕಿ ಆರಿಸಿದರಂತೆ,
ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ,
ಬೆರಳಲ್ಲಿ ತಡಕುತ್ತ,
ಕಲ್ಲಿಲ್ಲದ ಅಕ್ಕಿ.

ಮರಿಮಗ ಮುಂದೆ ಬಂದ:
ಅಜ್ಜಿಗೆ ಕಾಣುವುದಿಲ್ಲ ಸಾರ್, ಗುರುತು ನಾನೇ ಹಾಕುತ್ತೇನೆ.
ಅಜ್ಜಿ ಕೋಲೆತ್ತಿದರು.
"ನಿನಗೆ ನಿನ್ನದುಂಟಲ್ಲ?"
ಏಜೆಂಟರು, ಮರಿಮಗ, ಪೊಲೀಸು, ಎಲ್ಲ ಜಗಲಿಗೆ.
ರಟ್ಟಿನ ಮರೆಯ ಹಿಂದೆ ಆ ಸಣ್ಣ ತಲೆ ಪೂರಾ ಮುಳುಗಿತು.
ಪೆನ್ನು ಗೀರುವ ಸದ್ದು. ತುಂಬ ಹೊತ್ತು,
ಪೊಲೀಸಿನವ ಎರಡು ಲೋಟ ಬೆಲ್ಲ ನೀರು ಮುಗಿಸುವಷ್ಟು.
ಮಡಚಿದ ಕಾಗದವನ್ನು ಸೆರಗಿನ ಮರೆಯಿಂದ ತೆಗೆದು ಕೊಟ್ಟರು,
ಶನಿವಾರದ ಬಟವಾಡೆಯ ಹಾಗೆ.
ಗುರುತು ಎಲ್ಲಿ ಬಿತ್ತೋ,
ಅವರಿಗೂ ಪೆಟ್ಟಿಗೆಗೂ ಗೊತ್ತು.

ಉಗುರಿಗೆ ಶಾಯಿ ಹಚ್ಚುವಾಗ ಕೇಳಿದರು,
"ಎಷ್ಟು ದಿನ ಇರ್ತದೆ ಇದು?"
ಉಗುರು ಬೆಳೆದು ಹೋಗುವವರೆಗೆ, ಅಂದೆ.
"ಹಾಗಾದರೆ ಹೋಗ್ಲಿಕ್ಕಿಲ್ಲ.
ನನ್ನದು ಬೆಳೆಯುವುದು ಬಿಟ್ಟು ಕಾಲವಾಯಿತು."

ಅಂಗಳಕ್ಕಿಳಿದು ಮುಂದಿನ ಹೆಸರು ಓದಿದೆ:
ಕ್ರಮಸಂಖ್ಯೆ ನಲವತ್ತೊಂದು, ಕೆಳಗಿನ ಓಣಿ,
ಐತಪ್ಪ ಸಪಲ್ಯ, ಎಂಬತ್ತಾರು.
"ಓ, ಅವನಾ!" ಒಳಗಿನಿಂದ ಸ್ವರ.
"ಮೆಲ್ಲ ಕರೆಯಿರಿ.
ಮಧ್ಯಾಹ್ನ ಮಲಗಿರ್ತಾನೆ, ಪಾಪ,
ಮಗು."